ಆಕಾರದ ಲೆಕ್ಕ: ಎಷ್ಟು ಎಲೆ, ಎಷ್ಟು ಲ್ಯಾಂಡ್‌ಮಾರ್ಕ್?

ವಿಜಯಪುರದ ತಿಕೋಟಾ ಕಡೆ ಯಾವ ದ್ರಾಕ್ಷಿ ತೋಟಕ್ಕೆ ಹೋದರೂ ಸರಿ, ಒಂದು ಎಲೆ ಕಿತ್ತು ನೋಡಿ. ತೊಟ್ಟು ಸೇರುವ ಜಾಗದಿಂದ ಐದು ದಪ್ಪ ನರಗಳು ಹೊರಡುತ್ತವೆ. ಆ ಜಾಗ, ಪ್ರತಿ ನರದ ತುದಿ, ನರ ಮೊದಲು ಕವಲೊಡೆಯುವ ಕಡೆ, ಅಂಚಿನ ಸೀಳುಗಳ ತಳ, ಇವು ಇನ್ನೊಂದು ಎಲೆಯಲ್ಲೂ ಸಿಗುತ್ತವೆ. ಹೀಗೆ ಎಲ್ಲ ಮಾದರಿಗಳಲ್ಲೂ ‘ಇದೇ ಅದು’ ಎಂದು ಅನುಮಾನವಿಲ್ಲದೆ ತೋರಿಸಬಹುದಾದ ಬಿಂದುವಿಗೆ ಆಕಾರದ ಅಧ್ಯಯನದಲ್ಲಿ ಲ್ಯಾಂಡ್‌ಮಾರ್ಕ್ ಎನ್ನುತ್ತಾರೆ.

ಎಲೆಯ ಫೋಟೊ ಮೇಲೆ ಟಿಪಿಎಸ್‌ಡಿಗ್‌ನಂಥ ಸಾಫ್ಟ್‌ವೇರ್‌ನಲ್ಲಿ ಈ ಬಿಂದುಗಳನ್ನು ಕ್ಲಿಕ್ ಮಾಡಿದರೆ ಒಂದೊಂದಕ್ಕೂ ಎರಡು ಸಂಖ್ಯೆ ಸಿಗುತ್ತವೆ. ಆಮೇಲೆ ಪ್ರೊಕ್ರಸ್ಟಿಸ್ ಎಂಬ ವಿಧಾನದಿಂದ ಎಲ್ಲ ಎಲೆಗಳನ್ನೂ ಒಂದರ ಮೇಲೊಂದು ಕೂಡಿಸುತ್ತಾರೆ. ಎಲೆ ಎಲ್ಲಿತ್ತು, ಎತ್ತ ತಿರುಗಿತ್ತು, ಎಷ್ಟು ದೊಡ್ಡದಿತ್ತು ಎಂಬುದು ಅಲ್ಲಿಗೆ ಕಳೆದುಹೋಗಿ ಆಕಾರ ಮಾತ್ರ ಉಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. 15 ಲ್ಯಾಂಡ್‌ಮಾರ್ಕ್ ಇಟ್ಟರೆ 30 ಸಂಖ್ಯೆ. ಜಾಗಕ್ಕೆ ಎರಡು, ತಿರುವಿಗೆ ಒಂದು, ಗಾತ್ರಕ್ಕೆ ಒಂದು ಕಳೆದರೆ 26. ಅಂದರೆ ಎಲೆಯ ಆಕಾರ 26 ದಿಕ್ಕುಗಳಲ್ಲಿ ಬದಲಾಗಬಹುದು. ಕೈಯಲ್ಲಿರುವುದು ಬರೀ 20 ಎಲೆ ಎಂದುಕೊಳ್ಳಿ. ದಿಕ್ಕುಗಳಿಗಿಂತ ಎಲೆಗಳೇ ಕಡಿಮೆಯಾದ್ದರಿಂದ, ಗುಂಪುಗಳನ್ನು ಬೇರ್ಪಡಿಸುವ ಕೆಲವು ವಿಧಾನಗಳು ಇಲ್ಲಿ ನಡೆಯುವುದೇ ಇಲ್ಲ. ಹೇಗೋ ನಡೆಸಿದರೆ ಇನ್ನೂ ಅಪಾಯ: ಚೀಟಿ ಎತ್ತಿ ಸುಮ್ನೆ ಎರಡು ಪಾಲು ಮಾಡಿದ ಎಲೆಗಳೂ ಚಿತ್ರದಲ್ಲಿ ಎರಡು ಚೆಂದದ ಗುಂಪಾಗಿ ಕಾಣುತ್ತವೆ. ಲ್ಯಾಂಡ್‌ಮಾರ್ಕ್ ಜಾಸ್ತಿ ಮಾಡಿದಷ್ಟೂ ಈ ಮೋಸ ಬೆಳೆಯುತ್ತದೆ. ‘ಇರಲಿ ಬಿಡಿ, ಇನ್ನೊಂದಿಪ್ಪತ್ತು ಬಿಂದು’ ಎನ್ನುವ ಉತ್ಸಾಹ ನನಗಂತೂ ಹಿಡಿಸುವುದಿಲ್ಲ.

ಹಾಗಂತ ತೀರಾ ಕಡಿಮೆ ಇಟ್ಟರೂ ಕಷ್ಟ. ಸೀಳಿನ ಆಳ ನಿಮ್ಮ ಪ್ರಶ್ನೆಯಾಗಿದ್ದು, ಸೀಳಿನ ತಳದಲ್ಲಿ ಬಿಂದುವೇ ಇಲ್ಲದಿದ್ದರೆ ಉತ್ತರ ಎಲ್ಲಿಂದ ಬರಬೇಕು? ಒಂದು ದಾರಿಯಿದೆ. ಮೊದಲು ಕೆಲವು ಎಲೆಗಳಿಗೆ ಧಾರಾಳವಾಗಿ ಬಿಂದು ಇಡಿ. ಆಮೇಲೆ ಒಂದಿಷ್ಟನ್ನೇ ಆರಿಸಿಕೊಂಡು, ಎಲೆ ಎಲೆಗಳ ನಡುವಿನ ಆಕಾರದ ಅಂತರ ಮೊದಲಿನಂತೆಯೇ ಉಳಿಯಿತೇ ನೋಡಿ. ವತನಾಬೆ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲಾಸೆಕ್ ಎಂಬ ವಿಧಾನ ಮಾಡುವುದು ಇದನ್ನೇ.

ಮಾದರಿಗಳನ್ನು ಎಣಿಸುವಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ಒಂದೇ ಬಳ್ಳಿಯ 40 ಎಲೆ ತಂದು ‘ನನ್ನ ಮಾದರಿ 40’ ಎಂದರೆ, ಅದು ಒಂದೇ ಪಾತ್ರೆಯ 40 ಅಗುಳು ಹಿಚುಕಿ ಊರಿನ ಅನ್ನವೆಲ್ಲ ಬೆಂದಿದೆ ಅಂದಂತೆ. ನಿಮ್ಮ ಪ್ರಶ್ನೆ ಬಳ್ಳಿಗಳ ಬಗ್ಗೆ ಇದ್ದರೆ ಬಳ್ಳಿಗಳನ್ನೇ ಎಣಿಸಬೇಕು. ದ್ರಾಕ್ಷಿಯಲ್ಲಿ ಇನ್ನೂ ಒಂದು ಗಂಟಿದೆ. ನಮ್ಮ ತೋಟಗಳಲ್ಲಿ ಡಾಗ್‌ರಿಡ್ಜ್ ಬೇರುಸಸಿಗೆ ಕಸಿ ಕಟ್ಟುವುದು ರೂಢಿ, ಹಾಗಾಗಿ ಒಂದು ತೋಟದ ಒಂದು ತಳಿಯ ಬಳ್ಳಿಗಳೆಲ್ಲ ಒಂದೇ ತಾಯಿಗಿಡದ ಪಡಿಯಚ್ಚಾಗಿರಬಹುದು. ಮಣ್ಣು, ನೀರು, ಚಾಟ್ನಿ ಮಾಡಿದ (ಬಳ್ಳಿ ಸವರಿದ) ದಿನವೂ ಅಲ್ಲಿ ಒಂದೇ. ತಳಿ ತಳಿ ಹೋಲಿಸುವವರು ಒಂದೇ ತೋಟದಲ್ಲಿ ಎಲೆ ಹೆಚ್ಚಿಸುವುದಕ್ಕಿಂತ ಬೇರೆ ಬೇರೆ ತೋಟಗಳಿಗೆ ಹೋಗುವುದೇ ಒಳ್ಳೆಯದು. ಎಲೆ ಟೊಂಗೆಯ ಎಷ್ಟನೇ ಗೆಣ್ಣಿನದು ಎಂದೂ ಬರೆದಿಡಬೇಕು, ಏಕೆಂದರೆ ಬುಡದ ಎಲೆ ಮತ್ತು ತುದಿಯ ಎಲೆಗಳ ಆಕಾರವೇ ಬೇರೆ.

‘30 ಮಾದರಿ ಸಾಕಾ ಸರ್?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅದು ನೀವು ಏನು ಅಳೆಯುತ್ತಿದ್ದೀರಿ ಎಂಬುದರ ಮೇಲಿದೆ. ಕಾರ್ಡಿನಿ ಮತ್ತು ಎಲ್ಟನ್ ಎಂಬ ಸಂಶೋಧಕರು 2007ರಲ್ಲಿ ಕೋತಿಗಳ ತಲೆಬುರುಡೆಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಸರಾಸರಿ ಗಾತ್ರ ಸಣ್ಣ ಮಾದರಿಯಲ್ಲೂ ಸುಮಾರಾಗಿ ಸರಿಯಾಗಿಯೇ ಬಂತು. ಸರಾಸರಿ ಆಕಾರ ಮಾತ್ರ ಮಾದರಿ ಚಿಕ್ಕದಾದಂತೆ ದಾರಿ ತಪ್ಪಿತು. ಹುಡುಕುವ ವ್ಯತ್ಯಾಸ ಎಷ್ಟು ಸಣ್ಣದೋ ಮಾದರಿ ಅಷ್ಟು ದೊಡ್ಡದು ಬೇಕು. ಮಾಣಿಕ್ ಚಮನ್ ಎಂಬ ದ್ರಾಕ್ಷಿ ತಳಿ ಬಂದದ್ದೇ ಥಾಮ್ಸನ್ ಸೀಡ್‌ಲೆಸ್ ಎಂಬ ತಳಿಯಿಂದ. ಇವೆರಡರ ಎಲೆ ಹೋಲಿಸುವವರು ಕಡಿಮೆ ಮಾದರಿಗೆ ಧೈರ್ಯ ಮಾಡದಿರುವುದೇ ವಾಸಿ.

ಇಷ್ಟೆಲ್ಲ ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಕೆಲವು ಎಲೆಗಳಿಗೆ ಇವತ್ತು ಬಿಂದು ಇಟ್ಟು, ಒಂದು ವಾರ ಬಿಟ್ಟು ಹಳೆಯದನ್ನು ನೋಡದೆ ಮತ್ತೆ ಇಡಿ. ನಿಮ್ಮ ಎರಡು ಕ್ಲಿಕ್‌ಗಳ ಅಂತರ ಎರಡು ಎಲೆಗಳ ಅಂತರದಷ್ಟೇ ಬಂದರೆ, ಅಂಥ ಬಿಂದುಗಳನ್ನು ಪಟ್ಟಿಯಿಂದ ತೆಗೆದುಬಿಡಿ.