ಪಾಠ ಕನ್ನಡದಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ: ಕಾನೂನು ಬರಹದ ಹಿಂದಿನ ಕತೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಆಜ್ಞೆಯಿದೆ. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಎಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಈ ಆಜ್ಞೆ, ತಾಯಿ ತಂದೆಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುತ್ತದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬರೆದ ಚಪಡ 'ಲಿಪಿಕರ' ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇದನ್ನು ಪತ್ತೆ ಮಾಡಿದರು. ಚಿತ್ರದುರ್ಗದ ನೆಲದಲ್ಲಿ ಉಳಿದಿರುವ ಅತಿ ಹಳೆಯ ಲಿಖಿತ ರಾಜಾಜ್ಞೆಯೇ ಹೊರಗಿನ ನುಡಿಯದು. ಊರವರಿಗೆ ಅದನ್ನು ಯಾರಾದರೂ ಓದಿ ಬಿಡಿಸಿ ಹೇಳಬೇಕಿತ್ತು.

ಬಿಡಿಸಿ ಹೇಳುವ ಕೆಲಸದಲ್ಲಿ ಕನ್ನಡ ನಾಡು ಹಿಂದೆ ಬಿದ್ದಿರಲಿಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದರು. ದಾವೆಗೆ ಪ್ರತಿವಾದಿ ಕೊಡಬಹುದಾದ ಉತ್ತರ ನಾಲ್ಕು ಬಗೆಯದು ಎಂದು ಅವರು ವಿವರಿಸುತ್ತಾರೆ. ಅದರಲ್ಲಿ ಒಂದು 'ಪ್ರಾಙ್ನ್ಯಾಯ'. ಚನ್ನಗಿರಿಯ ಅಡಿಕೆ ತೋಟವೊಂದರ ಬದುವಿಗಾಗಿ ಒಬ್ಬ ದಾವೆ ಹೂಡಿ ಸೋತನೆಂದುಕೊಳ್ಳಿ. ಅದೇ ಬದುವಿಗಾಗಿ ಅದೇ ನೆರೆಯವನ ಮೇಲೆ ಅವನು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ, 'ನೀನು ಹಿಂದೆಯೇ ಸೋತಿದ್ದೀಯೆ' ಎಂಬುದೇ ಸಾಕಾದ ಉತ್ತರ. ಇಂದಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮಿನ ಹುರುಳೂ ಇದೇ. 1916ರಲ್ಲಿ, ಆಗ ಭಾರತಕ್ಕೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ನಿಯಮವನ್ನು ಚರ್ಚಿಸುವಾಗ ವಿಜ್ಞಾನೇಶ್ವರರನ್ನು ನೆನೆಯಿತು. ಎಂಟು ಶತಮಾನಗಳ ನಂತರವೂ ಒಬ್ಬ ವ್ಯಾಖ್ಯಾನಕಾರನ ಮಾತಿಗೆ ಅಷ್ಟು ತೂಕವಿತ್ತು. ಆದರೆ ಅವರು ಬರೆದದ್ದೂ ಸಂಸ್ಕೃತದಲ್ಲಿ.

ಇನ್ನು ನಮ್ಮ ಕಾಲಕ್ಕೆ ಬರೋಣ. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಠಾಣೆಯಲ್ಲಿ ಅತ್ಯಾಚಾರ ನಡೆಸಿದ ಆರೋಪ ಹೊತ್ತ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತ್ತು. ಮಥುರಾ ಎಂಬ ಹುಡುಗಿಯ ಹೆಸರಿನಿಂದ ಕರೆಯುವ ಮಥುರಾ ಪ್ರಕರಣ ಅದೇ. ಅಂಜಿ ಮಣಿಯುವುದು ಬೇರೆ, ಸಮ್ಮತಿಸುವುದು ಬೇರೆ ಎಂದು ಪತ್ರ ಆ ತೀರ್ಪನ್ನು ನೇರವಾಗಿ ಪ್ರಶ್ನಿಸಿತು. ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು: ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರದಲ್ಲಿ ಸಂಭೋಗ ಸಾಬೀತಾದ ಮೇಲೆ, ಸಮ್ಮತಿಯಿರಲಿಲ್ಲವೆಂದು ಮಹಿಳೆ ಹೇಳಿದರೆ ನ್ಯಾಯಾಲಯ ಹಾಗೆಂದೇ ಭಾವಿಸಬೇಕೆಂಬ ನಿಯಮ ಬಂತು. ಅಧ್ಯಾಪಕರ ಬರಹದ ಶಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣುವುದಿಲ್ಲ.

ಅದೇ 1979ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ನಿಯಮ ಮಾಡಿತು. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು. ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು, ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜುಗಳಿರುವಂಥ ಜಿಲ್ಲಾ ಕೇಂದ್ರಗಳಿಗೆ ಇದೊಂದು ವರ. ಪಾಟೀ ಸವಾಲು ಮಾಡಿ ಬಂದವರೇ ಸಾಕ್ಷ್ಯ ಕಾಯ್ದೆ ಕಲಿಸಿದರೆ ಪಾಠಕ್ಕೆ ಜೀವ ಬರುತ್ತದೆ. ಆದರೆ ಕಕ್ಷಿದಾರರು, ವಕಾಲತ್ತು, ಮುಂದಿನ ದಿನಾಂಕಗಳ ನಡುವೆ ಒಂದು ತೀರ್ಪನ್ನು ಒರೆಗೆ ಹಚ್ಚಿ ಇಪ್ಪತ್ತು ಪುಟ ಬರೆಯಲು ಅವರಿಗೆ ಬಿಡುವೆಲ್ಲಿ?

ಪೂರ್ಣಾವಧಿ ಅಧ್ಯಾಪಕರ ಕಷ್ಟ ಬೇರೆ. ಬಡ್ತಿಗೆ ಪ್ರಕಟಿತ ಲೇಖನಗಳು ಬೇಕು. 2010ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅವುಗಳಿಗೆ ಅಂಕ ಹಾಕಿತು. ಆಮೇಲೆ ಮಾನ್ಯ ನಿಯತಕಾಲಿಕೆಗಳ ಪಟ್ಟಿ ಬಂತು, 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟಿತು. ಈ ಲೆಕ್ಕಾಚಾರದಲ್ಲಿ ಕಾನೂನು ಪ್ರಬಂಧವೆಂದರೆ ಇಂಗ್ಲಿಷ್ ಎಂಬುದು ರೂಢಿಯಾಯಿತು. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್, ನಮ್ಮ ಹೈಕೋರ್ಟಿನದೂ ಅದೇ. ಪ್ರಬಂಧ ಅತ್ತ ಮುಖ ಮಾಡಿದ್ದು ಸಹಜವೇ, ಆದರೆ ಅದರ ನಷ್ಟವನ್ನು ನಾವು ಲೆಕ್ಕ ಹಾಕಿಲ್ಲ.

ನಷ್ಟ ಎದ್ದು ಕಾಣುವುದು ಪರೀಕ್ಷೆಯಲ್ಲಿ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯ ಮೇಲೆ, ಉತ್ತರವನ್ನು ಸಂಪೂರ್ಣವಾಗಿ ಇಂಗ್ಲಿಷಿನಲ್ಲಿ ಅಥವಾ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆಯಿರುತ್ತದೆ. ಹೊಸದುರ್ಗದಿಂದಲೋ ಜಗಳೂರಿನಿಂದಲೋ ಬಂದ ವಿದ್ಯಾರ್ಥಿ ಕನ್ನಡದಲ್ಲಿ ಬರೆಯಬಹುದು. ಆದರೆ ಓದಲು ಅವನ ಕೈಗೆ ಸಿಗುವುದು ಬಹುಪಾಲು ಕಲಮುಗಳ ಸಾರಾಂಶ ಹೇಳುವ ಪುಸ್ತಕ. ಆ ತೀರ್ಪು ಸರಿಯೇ, ಎಲ್ಲಿ ಎಡವಿತು, ಅದರಿಂದ ಯಾರಿಗೆ ಪೆಟ್ಟು ಬಿತ್ತು ಎಂದು ಕೇಳುವ ಕನ್ನಡ ಬರಹ ತೀರ ವಿರಳ. 2019ರಿಂದ ಸುಪ್ರೀಂ ಕೋರ್ಟ್ ತನ್ನ ಕೆಲವು ತೀರ್ಪುಗಳನ್ನು ಕನ್ನಡಕ್ಕೂ ಭಾಷಾಂತರಿಸಿ ಕೊಡುತ್ತಿದೆ. ತೀರ್ಪು ಕನ್ನಡಕ್ಕೆ ಬಂತು, ಅದನ್ನು ಪ್ರಶ್ನಿಸುವ ವ್ಯಾಖ್ಯಾನ ಇನ್ನೂ ಬರಬೇಕಿದೆ.

ಬರೆಯಬಲ್ಲವರು ನಮ್ಮಲ್ಲೇ ಇದ್ದಾರೆ. ಪ್ರಾಙ್ನ್ಯಾಯವನ್ನು ತೋಟದ ಬದುವಿನ ಉದಾಹರಣೆ ಕೊಟ್ಟು ಅರ್ಧ ಗಂಟೆ ತಿಳಿಸುವ ಮೇಷ್ಟ್ರ ಆ ಪಾಠವೇ ಹತ್ತು ಪುಟದ ಲೇಖನ. ಬೆಲ್ ಹೊಡೆದ ಮೇಲೆ ಅದರಲ್ಲಿ ಉಳಿಯುವುದು ಹುಡುಗರ ನೋಟ್ ಪುಸ್ತಕದಲ್ಲಿ ಗೀಚಿದ ನಾಲ್ಕು ಸಾಲು ಮಾತ್ರ.