ಹೊಳಪು ಅಗ್ಗವಾದ ಮೇಲೆ ರೇಷ್ಮೆಯ ಗತಿ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಮೊದಮೊದಲು ನೇಯುತ್ತಿದ್ದುದು ಅರಮನೆಯ ಉಡುಪಿಗೆ ಮತ್ತು ಸೈನ್ಯದ ಅಲಂಕಾರಕ್ಕೆ ಬೇಕಾದ ಬಟ್ಟೆಯನ್ನು. ಸಾಮಾನ್ಯರ ಮನೆಯಲ್ಲಿ ರೇಷ್ಮೆ ಇದ್ದರೂ ಅದು ಮದುವೆ, ಪೂಜೆಗಳಿಗೆ ಮೀಸಲಾಗಿರುತ್ತಿತ್ತು. ಅಂಟುವಾಳದ ನೀರಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿ, ಜರಿ ಮುರಿಯದಂತೆ ಆಗಾಗ ಮಡಿಕೆ ಬದಲಿಸಿ ಟ್ರಂಕಿನಲ್ಲಿಡುವ ಬಟ್ಟೆಯನ್ನು ದಿನನಿತ್ಯ ಉಡುವ ಮಾತೇ ಇರಲಿಲ್ಲ.

ರೇಷ್ಮೆಗೂ ದಿನನಿತ್ಯದ ಬಟ್ಟೆಗೂ ಇದ್ದ ಈ ಅಂತರವನ್ನು ಮೊದಲು ಅಲುಗಿಸಿದ್ದು ಕೃತಕ ನೂಲು. ಫ್ರಾನ್ಸಿನ ಶಾರ್ಡೊನೆ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ ಕೃತಕ ರೇಷ್ಮೆ, ಬಳಿಕ ಮರದ ತಿರುಳಿನಿಂದ ತಯಾರಾದ ರೇಯಾನ್, ‘ಆರ್ಟ್ ಸಿಲ್ಕ್’ ಎಂಬ ಹೆಸರಿನಲ್ಲಿ ನಮ್ಮ ಮಗ್ಗಗಳನ್ನೂ ತಲುಪಿದವು. ಇಳಕಲ್ ಸೀರೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು: ಹತ್ತಿಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಕೌಶಲ ಹಾಗೇ ಉಳಿಯಿತು, ಸೆರಗಿನ ರೇಷ್ಮೆ ಮಾತ್ರ ಬಹುಪಾಲು ಆರ್ಟ್ ಸಿಲ್ಕ್ ಆಯಿತು. ಇದನ್ನು ಬರಿಯ ಕಲಬೆರಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕೈಗೆಟಕದ ಕೆಂಪು ಸೆರಗು ಅನೇಕ ಮನೆಗಳಿಗೆ ಬಂದದ್ದು ಅದರಿಂದಲೇ.

ಪಾಲಿಯೆಸ್ಟರ್ ಬಂದ ಮೇಲೆ ಲೆಕ್ಕಾಚಾರವೇ ತಲೆಕೆಳಗಾಯಿತು. ಟೆರಿಲಿನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಅಂಗಿ ಪ್ರತಿಷ್ಠೆಯ ಗುರುತಾಗಿದ್ದ ಕಾಲವೂ ಒಂದಿತ್ತು (ಇಂದು ಕೈಮಗ್ಗದ ಹತ್ತಿಯನ್ನು ಮೆಚ್ಚಿ ಮಾತಾಡುವ ಎಷ್ಟೋ ಮನೆಗಳಲ್ಲಿ ಆಗ ಹತ್ತಿಗೆ ಬೆಲೆಯಿರಲಿಲ್ಲ). ಆದರೆ ಇಸ್ತ್ರಿಯ ಗೊಡವೆಯಿಲ್ಲದ ಮಿರುಗುವ ಸೀರೆ ಸಂತೆಯಲ್ಲೂ ಸಿಗತೊಡಗಿದಾಗ, ಉಳ್ಳವರ ಅಭಿರುಚಿ ಮಿರುಗನ್ನು ಬಿಟ್ಟು ಸರಳತೆಯತ್ತ ಹೊರಳಿತು. ಹುರಿ ಕೊಟ್ಟ ನೂಲಿನಿಂದ ನೇಯ್ದ, ಒಂದೇ ಬಣ್ಣದ ಒಡಲಿಗೆ ತೆಳು ಜರಿಯಂಚು ಇರುವ ಮೈಸೂರು ಕ್ರೇಪ್ ರೇಷ್ಮೆ ಸೀರೆ ಹಬ್ಬದಿಂದ ಕಚೇರಿಗೂ ಬಂದದ್ದು ಈ ಹೊರಳುವಿಕೆಯಲ್ಲೇ.

ಕಣ್ಣಿಗೆ ಕಾಣುವ ಹೊಳಪು ಸಾಕ್ಷಿಯಾಗದಿದ್ದಾಗ ಬೇರೆ ಸಾಕ್ಷಿ ಬೇಕಾಯಿತು. ಎಳೆಯೊಂದನ್ನು ಸುಟ್ಟರೆ ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರುವವರು ಯಾರು? 2004ರಲ್ಲಿ ಅಸಲಿ ರೇಷ್ಮೆಯೆಂದು ಖಾತರಿ ಕೊಡುವ ಸಿಲ್ಕ್ ಮಾರ್ಕ್ ಗುರುತು ಬಂತು, ಬಳಿಕ ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಿಯ, ಅಂದರೆ ಊರಿನ ಹೆಸರಿಗೆ ಸಿಗುವ ಕಾನೂನು ರಕ್ಷಣೆಯ, ಮಾನ್ಯತೆ ದೊರೆಯಿತು. ಅಭಿರುಚಿಗೆ ಹೀಗೆ ದಾಖಲೆಪತ್ರವೂ ಜೊತೆಯಾಯಿತು. ಅಷ್ಟರಲ್ಲಿ ನಕಲು ಕೂಡ ಪಾಠ ಕಲಿತಿದೆ: ಈಗಿನ ಪಾಲಿಯೆಸ್ಟರ್ ಕ್ರೇಪ್ ಮಿರುಗುವುದಿಲ್ಲ, ಮೈಸೂರು ಸೀರೆಯಂತೆ ಒಂದೇ ಬಣ್ಣದಲ್ಲಿ, ತೆಳು ಅಂಚಿನೊಂದಿಗೇ ಬರುತ್ತದೆ.