ಮೈಸೂರು, ಮಂಡ್ಯದ ಏರ್ ವಿಂಗ್ ಕೆಡೆಟ್‌ಗಳು: ಏಳೂವರೆ ದಶಕದಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ

ವಾಯುಪಡೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟಿವೆ. ಡೆಹ್ರಾಡೂನ್, ವಾರಾಣಸಿ, ಗಾಂಧಿನಗರದಂಥ ಊರುಗಳ ಜೊತೆ ಆ ಪಟ್ಟಿಯಲ್ಲಿ ನಮ್ಮ ಮೈಸೂರೂ ಇದೆ. 2 ಎಎಫ್‌ಎಸ್‌ಬಿ ಅಂತ ಅದರ ಹೆಸರು. ಬೇರೆ ಬೇರೆ ರಾಜ್ಯಗಳ ಹುಡುಗ ಹುಡುಗಿಯರು ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಮೊದಲ ದಿನದ ಪರೀಕ್ಷೆಯಲ್ಲೇ ತುಂಬಾ ಜನ ಹೊರಬೀಳುತ್ತಾರೆ. ಉಳಿದವರಿಗೆ ಇನ್ನೂ ಕೆಲವು ದಿನ ಮನಃಶಾಸ್ತ್ರದ ಪರೀಕ್ಷೆ, ಮೈದಾನದಲ್ಲಿ ಗುಂಪು ಚಟುವಟಿಕೆ, ಸಂದರ್ಶನ. ಪೈಲಟ್ ಆಗಬೇಕೆನ್ನುವವರಿಗೆ ಕಂಪ್ಯೂಟರ್ ಮುಂದೆ ಕೂರಿಸಿ ಮಾಡುವ ಇನ್ನೊಂದು ಪರೀಕ್ಷೆಯೂ ಇದೆ. ಅದರಲ್ಲಿ ಒಮ್ಮೆ ಫೇಲಾದರೆ ಪೈಲಟ್ ಶಾಖೆಗೆ ಮತ್ತೆ ಅವಕಾಶವಿಲ್ಲ.

ಇಂಥದ್ದೊಂದು ಜಾಗ ಮಂಡ್ಯದಿಂದ ಒಂದು ಗಂಟೆಯ ದಾರಿಯಲ್ಲಿದೆ. ಆದರೆ ಮಳವಳ್ಳಿಯಲ್ಲೋ ನಾಗಮಂಗಲದಲ್ಲೋ ಡಿಗ್ರಿ ಓದುವ ಎಷ್ಟು ಮಕ್ಕಳಿಗೆ ಇದರ ವಿಷಯ ಗೊತ್ತು? ಗೊತ್ತಿದ್ದರೂ, ಒಳಗೆ ಹೋಗುವ ದಾರಿಗಳಲ್ಲಿ ಒಂದಂತೂ ಅವರಿಗೆ ಶುರುವಿನಲ್ಲೇ ಮುಚ್ಚಿರುತ್ತದೆ. ಆ ದಾರಿ ಎನ್‌ಸಿಸಿಯ ಏರ್ ವಿಂಗ್, ಅಂದರೆ ವಿದ್ಯಾರ್ಥಿಗಳಿಗೆ ಸೇನಾ ಶಿಸ್ತಿನ ತರಬೇತಿ ಕೊಡುವ ಎನ್‌ಸಿಸಿಯ ವಾಯುಪಡೆ ವಿಭಾಗ. ಅದು ಹೇಗೆ ಬೆಳೆಯಿತು, ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿಮಾನದ ವಿಷಯದಲ್ಲಿ ಹಳೇ ಮೈಸೂರು ಸೀಮೆ ಹಿಂದುಳಿದಿದ್ದೇ ಇಲ್ಲ. ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಆಗಿದ್ದು 1940ರಲ್ಲಿ, ಸಂಸ್ಥಾನದ ಕಾಲದಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಇವತ್ತಿನ ಎಚ್‌ಎಎಲ್ ಅದೇ. ಜಕ್ಕೂರಿನಲ್ಲಿ ಪೈಲಟ್ ತರಬೇತಿ ಶಾಲೆಗೆ 1948ರ ಹೊತ್ತಿಗೆ ಜಾಗ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಬೇರೆ ಎಷ್ಟೋ ಪ್ರಾಂತ್ಯಗಳಲ್ಲಿ ವಿಮಾನವನ್ನು ಹತ್ತಿರದಿಂದ ನೋಡಿದವರೇ ಇಲ್ಲದ ಕಾಲ ಅದು. ಇಲ್ಲಿ ವಿಮಾನದ ಕಾರ್ಖಾನೆಯೂ ಇತ್ತು, ಹಾರಾಟ ಕಲಿಸುವ ಶಾಲೆಯೂ ಬಂತು.

ಎನ್‌ಸಿಸಿ ಹುಟ್ಟಿದ್ದೂ ಆಗಲೇ. ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸಿನ ಮೇಲೆ 1948ರಲ್ಲಿ ಎನ್‌ಸಿಸಿ ಕಾಯ್ದೆ ಬಂತು. ಜುಲೈನಲ್ಲಿ ಕೆಲಸ ಶುರುವಾಯಿತು. ಮರುವರ್ಷ ಹುಡುಗಿಯರ ವಿಭಾಗ ಬಂತು. ಏರ್ ವಿಂಗ್ ಬಂದಿದ್ದು 1950ರ ಏಪ್ರಿಲ್ 1ರಂದು. ಅದೂ ಎರಡೇ ಊರಿನಲ್ಲಿ, ಬಾಂಬೆ ಮತ್ತು ಕಲ್ಕತ್ತಾದಲ್ಲಿ ಒಂದೊಂದು ಸ್ಕ್ವಾಡ್ರನ್. ಅಂದರೆ ಮೊದಲ ದಿನದಿಂದಲೂ ಏರ್ ವಿಂಗ್ ದೊಡ್ಡ ಊರಿನ ಮಕ್ಕಳದ್ದು. ಇದಕ್ಕೆ ಕಾರಣವೂ ಇತ್ತು. ಭೂಸೇನೆ ವಿಂಗ್ ನಡೆಸಲು ಒಂದು ಮೈದಾನ, ಕೆಲವು ರೈಫಲ್, ಒಬ್ಬ ಹವಾಲ್ದಾರ್ ಇದ್ದರೆ ನಡೆಯುತ್ತದೆ. ಏರ್ ವಿಂಗ್‌ಗೆ ರನ್‌ವೇ ಬೇಕು, ವಿಮಾನ ಬೇಕು, ಕಲಿಸಲು ವಾಯುಪಡೆಯ ಅಧಿಕಾರಿ ಬೇಕು, ಇಂಧನದ ಖರ್ಚು ಬೇಕು. ಹಾಗಾಗಿ ಅದು ನಿಧಾನವಾಗಿ ಹರಡಿತು. ಹರಡಿದಾಗಲೂ ಸ್ಕ್ವಾಡ್ರನ್‌ಗಳಲ್ಲಿ ಎರಡು ಬಗೆ ಆಯಿತು. ಒಂದು ಫ್ಲೈಯಿಂಗ್, ಇನ್ನೊಂದು ಟೆಕ್ನಿಕಲ್. ಮೊದಲನೆಯದರಲ್ಲಿ ಹಾರಾಟ. ಎರಡನೆಯದರಲ್ಲಿ ಎಂಜಿನ್, ರೆಕ್ಕೆ, ಉಪಕರಣಗಳ ಪಾಠವೇ ಜಾಸ್ತಿ.

1950 ಮತ್ತು 60ರ ದಶಕಕ್ಕೆ ಒಂದು ವಿಶೇಷ ಹುರುಪು ಇತ್ತು. ವಿ.ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲಿ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ವಾಯುಪಡೆಯ ಪೈಲಟ್‌ಗಳು ಮುಂದೆ ದಶಕಗಟ್ಟಲೆ ಅದರಲ್ಲೇ ಮೊದಲ ಪಾಠ ಕಲಿತರು. ಆಮೇಲೆ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಪುಷ್ಪಕ್ ಬಂತು. 1961ರಲ್ಲಿ ರೋಹಿಣಿ ಗ್ಲೈಡರ್ ಬಂತು. ಗ್ಲೈಡರ್‌ಗೆ ಎಂಜಿನ್ ಇಲ್ಲ. ವಿಂಚ್‌ಗೆ (ಹಗ್ಗ ಸುತ್ತುವ ಯಂತ್ರ) ಕಟ್ಟಿದ ಹಗ್ಗ ಎಳೆದು ಮೇಲಕ್ಕೆ ಕಳಿಸುತ್ತಾರೆ. ಆಮೇಲೆ ಗಾಳಿಯ ಮೇಲೇ ತೇಲುತ್ತಾ ಇಳಿಯಬೇಕು. ರೋಹಿಣಿಯಲ್ಲಿ ಕಲಿಯುವವನೂ ಕಲಿಸುವವನೂ ಅಕ್ಕಪಕ್ಕದಲ್ಲೇ ಕೂರುತ್ತಿದ್ದರು. ಖರ್ಚು ಕಡಿಮೆ, ಕಲಿಯೋದು ಜಾಸ್ತಿ. ಹಾರಾಟದ ಮೂಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತಲೇ ನನಗೆ ಅನಿಸುತ್ತದೆ.

1962ರ ಚೀನಾ ಯುದ್ಧ ಎಲ್ಲವನ್ನೂ ಬದಲಿಸಿತು. 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. ಆ ವರ್ಷಗಳಲ್ಲಿ ಮೈಸೂರಿನ ಕಾಲೇಜುಗಳಲ್ಲಿ ಓದಿದ ಹಿರಿಯರನ್ನು ಮಾತಿಗೆ ಎಳೆಯಿರಿ, ಬೆಳಗಿನ ಪೆರೇಡು, ಗಂಜಿ ಹಾಕಿದ ಖಾಕಿ, ಪೆರೇಡ್ ಮುಗಿದ ಮೇಲಿನ ತಿಂಡಿ ಎಲ್ಲ ಹೊರಗೆ ಬರುತ್ತದೆ. ಆದರೆ ಕಡ್ಡಾಯ ಮಾಡಿದ್ದರಿಂದ ಬೆಳೆದಿದ್ದು ತಲೆ ಎಣಿಕೆ. ಅಷ್ಟು ಹುಡುಗರಿಗೆ ಕಲಿಸುವ ಜನವೂ ಇರಲಿಲ್ಲ, ಸಾಮಾನೂ ಇರಲಿಲ್ಲ. ಗ್ಲೈಡರ್, ವಿಮಾನಗಳ ಲೆಕ್ಕವನ್ನಂತೂ ಹಾಗೆ ದಿಢೀರನೆ ಹಿಗ್ಗಿಸಲು ಆಗುವುದಿಲ್ಲ. 1968ರಲ್ಲಿ ಕಡ್ಡಾಯ ಹೋಯಿತು. ಮರುವರ್ಷ ಎನ್‌ಎಸ್‌ಎಸ್ ಬಂತು, ವಿದ್ಯಾರ್ಥಿಗಳಿಗೆ ಇನ್ನೊಂದು ಆಯ್ಕೆ ಸಿಕ್ಕಿತು.

ಈ ನಡುವೆ ಪಾಕಿಸ್ತಾನದ ಜೊತೆ 1965ರ ಯುದ್ಧ. ವಾಯುಪಡೆಯ ಪೈಲಟ್, ಕೊಡಗಿನ ಅಜ್ಜಮಾಡ ದೇವಯ್ಯ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ವಾಪಸ್ ಬರಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಅವರು ಹೊಡೆದು ಉರುಳಿಸಿದ್ದರು ಅನ್ನೋದು ಹೊರಗೆ ಬರಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ನಮ್ಮ ಪಕ್ಕದ ಜಿಲ್ಲೆಯ ಈ ಕತೆ ಮೈಸೂರು, ಮಂಡ್ಯದ ಪ್ರತಿ ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರಬೇಕಿತ್ತು ಅಲ್ವಾ? ಒಬ್ಬ ಹುಡುಗನಿಗೆ ವಾಯುಪಡೆ ಅನ್ನೋದು ತನ್ನದೂ ಹೌದು ಅನಿಸಲು ಇಂಥ ಹೆಸರುಗಳು ಬೇಕು.

70, 80ರ ದಶಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎನ್‌ಸಿಸಿ ಇತ್ತು, ಕ್ಯಾಂಪ್‌ಗಳು ನಡೆದವು. ಆದರೆ ಮನೆಗಳಲ್ಲಿ ಡಾಕ್ಟರು, ಎಂಜಿನಿಯರು ಅನ್ನುವ ಎರಡೇ ಮಾತು. ಎನ್‌ಸಿಸಿ ಸರ್ಟಿಫಿಕೇಟ್ ಸೀಟಿಗೋ ಕೆಲಸಕ್ಕೋ ಉಪಯೋಗಕ್ಕೆ ಬರುವ ಕಾಗದವಾಯಿತು. ಇವತ್ತಿಗೂ ರಾಜ್ಯದ ವೃತ್ತಿಪರ ಕೋರ್ಸುಗಳಲ್ಲಿ ಎನ್‌ಸಿಸಿ ಕೋಟಾ ಇದೆ, ಅದು ತಪ್ಪೇನಲ್ಲ. ಮಂಡಕಳ್ಳಿಯೂ ಆಗ ಹೆಚ್ಚಾಗಿ ಸುಮ್ನೆ ಬಿದ್ದಿತ್ತು. 1985ರಲ್ಲಿ ವಾಯುದೂತ್ ಸಂಸ್ಥೆಯ ಪ್ರಯಾಣಿಕ ವಿಮಾನ ಬಂತು, ಪ್ರಯಾಣಿಕರಿಲ್ಲದೆ ಕೆಲವೇ ವರ್ಷಗಳಲ್ಲಿ ನಿಂತಿತು. ನಿಲ್ದಾಣ ಹೊಸ ರೂಪದಲ್ಲಿ ತೆರೆದದ್ದು 2010ರಲ್ಲಿ.

ನಿಜವಾದ ದೊಡ್ಡ ಬದಲಾವಣೆ ಹೆಣ್ಣುಮಕ್ಕಳ ವಿಷಯದಲ್ಲಿ ಆಯಿತು. ಹುಡುಗಿಯರು 1949ರಿಂದಲೇ ಎನ್‌ಸಿಸಿಯಲ್ಲಿದ್ದರು. ಪೆರೇಡ್ ಮಾಡಿದರು, ಗುರಿ ಇಟ್ಟು ಹೊಡೆದರು, ದೆಹಲಿಯ ಗಣರಾಜ್ಯೋತ್ಸವ ಶಿಬಿರಕ್ಕೂ ಹೋದರು. ಆದರೆ ಡಿಗ್ರಿ ಮುಗಿದ ಮೇಲೆ ಮುಂದೇನು? ನಾಲ್ಕು ದಶಕಗಳ ಕಾಲ ಪೈಲಟ್ ಸೀಟಿನ ಕಡೆಗೆ ಅವರಿಗೆ ದಾರಿಯೇ ಇರಲಿಲ್ಲ. ವಾಯುಪಡೆಯ ಮೊದಲ ಮಹಿಳಾ ಪೈಲಟ್‌ಗಳು ಹೊರಬಂದದ್ದು 1994ರಲ್ಲಿ, ಅದೂ ಸಾಗಣೆ ವಿಮಾನ, ಹೆಲಿಕಾಪ್ಟರ್‌ಗಳಿಗೆ. ಯುದ್ಧವಿಮಾನ ಸಿಗಲು 2016ರವರೆಗೆ ಕಾಯಬೇಕಾಯಿತು. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಆ ವರ್ಷದ ಜೂನ್‌ನಲ್ಲಿ ಅಧಿಕಾರಿಗಳಾದರು. ಎರಡೇ ವರ್ಷಕ್ಕೆ ಚಿಕ್ಕಮಗಳೂರು ಜಿಲ್ಲೆಯ ಮರ್ಲೆ ಗ್ರಾಮದ ಮೇಘನಾ ಶಾನಭೋಗ್ ಅದೇ ಸಾಲಿಗೆ ಸೇರಿದರು. ಅವರು ಎಂಜಿನಿಯರಿಂಗ್ ಓದಿದ್ದು ಮೈಸೂರಿನ ಎಸ್‌ಜೆಸಿಇಯಲ್ಲಿ.

ಆಮೇಲೆ ಬಾಗಿಲುಗಳು ಬೇಗ ಬೇಗ ತೆರೆದವು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಹುಡುಗಿಯರಿಗೂ ಸಿಕ್ಕಿತು. 2022ರಲ್ಲಿ ಒಳಗೆ ಹೋದ ಮೊದಲ ತಂಡ 2025ರ ಮೇನಲ್ಲಿ ತರಬೇತಿ ಮುಗಿಸಿತು. ಸೈನಿಕ ಶಾಲೆಗಳಲ್ಲೂ ಹುಡುಗಿಯರು ಬಂದರು. ಕೊಡಗಿನ ಕೂಡಿಗೆಯಲ್ಲಿ 2007ರಿಂದ ಇರುವ ಸೈನಿಕ ಶಾಲೆ ಮೈಸೂರಿನವರಿಗೆ ದೂರವೇನಲ್ಲ. ಇವತ್ತು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಯುದ್ಧವಿಮಾನದ ಪೈಲಟ್ ಆಗ್ತೀನಿ ಅಂದರೆ, ಆಗಲ್ಲ ಅನ್ನುವ ನಿಯಮ ಎಲ್ಲೂ ಇಲ್ಲ. ಅವಳ ಅಮ್ಮನ ಕಾಲದಲ್ಲಿ ಇತ್ತು. ಈ ಲೇಖನದಲ್ಲಿ ನನಗೆ ತುಂಬಾ ಖುಷಿ ಕೊಡುವ ಭಾಗ ಇದು.

ಇನ್ನು ಹಾರಾಟ. ಗ್ಲೈಡರ್ ಹಿಂದೆ ಸರಿದು ಮೈಕ್ರೋಲೈಟ್ ಬಂತು. ಎರಡು ಸೀಟಿನ, ತೀರಾ ಹಗುರ ವಿಮಾನ ಅದು. ಮೊದಲು ಜೆನ್ ಏರ್ ಇತ್ತು. 2015ರಲ್ಲಿ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ಜೊತೆ 194 ವಿಮಾನಗಳಿಗೆ ಒಪ್ಪಂದವಾಯಿತು. ಅದರಲ್ಲಿ ದೊಡ್ಡ ಪಾಲು ಎನ್‌ಸಿಸಿಗೆ. ಕೆಡೆಟ್ ಪಕ್ಕದಲ್ಲಿ ವಾಯುಪಡೆಯ ಪೈಲಟ್ ಕೂರುತ್ತಾರೆ. ಕೆಲವೇ ನಿಮಿಷಗಳ ಹಾರಾಟ. ಆ ನಿಮಿಷಗಳಲ್ಲಿ ಕಂಟ್ರೋಲ್ ಸ್ಟಿಕ್ ಹಿಡಿದು ವಿಮಾನ ತನ್ನ ಮಾತು ಕೇಳುವುದನ್ನು ನೋಡಿದ ಮಗುವಿಗೆ ಪುಸ್ತಕದ ಲಿಫ್ಟ್ (ಮೇಲೆತ್ತುವ ಬಲ), ಡ್ರ್ಯಾಗ್ (ಹಿಂದಕ್ಕೆಳೆಯುವ ಬಲ) ಪಾಠ ಆಮೇಲೆ ಬೇರೆಯೇ ಆಗಿ ಕಾಣುತ್ತದೆ. 2021ರ ನವೆಂಬರ್‌ನಿಂದ ಸಿಮ್ಯುಲೇಟರ್ ತರಬೇತಿಯ ಯೋಜನೆಯೂ ಬಂದಿದೆ. ಏರೋಮಾಡೆಲಿಂಗ್, ಅಂದರೆ ಪುಟ್ಟ ಮಾದರಿ ವಿಮಾನ ಕಟ್ಟಿ ಹಾರಿಸುವುದು, ಮೊದಲಿನಿಂದಲೂ ಏರ್ ವಿಂಗ್‌ನ ಹೆಮ್ಮೆ. ಈಗ ಅದರ ಜೊತೆ ಡ್ರೋನ್ ಸೇರಿಕೊಂಡಿದೆ. ಮಂಡ್ಯದಂಥ ಜಿಲ್ಲೆಗೆ ಡ್ರೋನ್ ಕಲಿಕೆ ಸಣ್ಣ ವಿಷಯವಲ್ಲ. ಭತ್ತ, ಕಬ್ಬಿನ ಗದ್ದೆಗೆ ಔಷಧಿ ಹೊಡೆಯಲು ಡ್ರೋನ್ ಬರುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಕೊಡುವ ಕೇಂದ್ರದ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. 2021ರ ಡ್ರೋನ್ ನಿಯಮದ ಪ್ರಕಾರ 18 ತುಂಬಿದ, ಹತ್ತನೇ ಕ್ಲಾಸ್ ಪಾಸಾದವರು ತರಬೇತಿ ಪಡೆದು ರಿಮೋಟ್ ಪೈಲಟ್ ಆಗಬಹುದು. ವಾಯುಪಡೆಗೆ ಹೋಗದವರಿಗೂ ಇದು ಅನ್ನ ಕೊಡುವ ವಿದ್ಯೆ.

ಇಷ್ಟೆಲ್ಲ ಸಿಕ್ಕಿದೆ ಅಂದಮೇಲೆ ತಕರಾರು ಏನು? ತಕರಾರು ಇರುವುದು ಮೊದಲ ಮೆಟ್ಟಿಲಿನಲ್ಲಿ.

ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ವಾಯುಪಡೆಯಲ್ಲಿ ಒಂದು ದಾರಿ ಇದೆ. ಪೈಲಟ್ ಶಾಖೆಯ ಸೀಟುಗಳಲ್ಲಿ ಶೇ 10ರಷ್ಟನ್ನು ಎನ್‌ಸಿಸಿ ಕೆಡೆಟ್‌ಗಳಿಗೆ ಮೀಸಲಿಟ್ಟಿದ್ದಾರೆ. ಲಿಖಿತ ಪರೀಕ್ಷೆ ಬರೆಯದೆ ನೇರವಾಗಿ ಎಎಫ್‌ಎಸ್‌ಬಿಗೆ ಬರಬಹುದು. ಲಕ್ಷಾಂತರ ಜನ ಬರೆಯುವ ಪರೀಕ್ಷೆಯನ್ನು ಬರೆಯದೆಯೇ ಬರುವುದು ಅಂದರೆ ಎಷ್ಟು ದೊಡ್ಡ ಅನುಕೂಲ ಅಂತ ಯೋಚಿಸಿ. ಆದರೆ ಬೇಕಾಗಿರುವುದು ಏರ್ ವಿಂಗ್‌ನ 'ಸಿ' ಸರ್ಟಿಫಿಕೇಟ್, ಅಂದರೆ ಮೂರು ವರ್ಷದ ತರಬೇತಿಯ ಮೇಲೆ ಸಿಗುವ ಸರ್ಟಿಫಿಕೇಟ್. ಭೂಸೇನೆ ವಿಂಗ್‌ನ 'ಸಿ' ಇಲ್ಲಿ ನಡೆಯುವುದಿಲ್ಲ. ಅದನ್ನು ಪಡೆದವರಿಗೆ ಸೇನೆಯ ಕಡೆ ಬೇರೆ ಅನುಕೂಲಗಳಿವೆ, ಅಗ್ನಿವೀರ ನೇಮಕದಲ್ಲೂ ಹೆಚ್ಚುವರಿ ಅಂಕವಿದೆ. ವಾಯುಪಡೆಯ ಈ ಬಾಗಿಲು ಮಾತ್ರ ತೆರೆಯುವುದಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸಾಮಾನ್ಯವಾಗಿ ಅದು ಭೂಸೇನೆ ವಿಂಗ್. ಎಷ್ಟೋ ಕಡೆ ಅದೂ ಇಲ್ಲ. ಮಗು ಎಷ್ಟೇ ಚುರುಕಾಗಿರಲಿ, ಅಪ್ಪ ಅಮ್ಮ ಸೇರಿಸಿದ ಕಾಲೇಜು ಯಾವುದು ಅನ್ನೋದರ ಮೇಲೆ ಈ ಅವಕಾಶ ನಿಂತಿದೆ. ಇದು ಸರಿಯಲ್ಲ.

ಇನ್ನೊಂದು ತೊಡಕು ಇನ್ನೂ ಮೊದಲೇ ಬರುತ್ತದೆ. ಪೈಲಟ್ ಶಾಖೆಗೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡೂ ಓದಿರಬೇಕು. ಅಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ, 15-16ರ ವಯಸ್ಸಿನಲ್ಲಿ, ಮಗು ಕಾಮರ್ಸ್ ಅಂತ ಟಿಕ್ ಮಾಡಿದರೆ ಆ ದಾರಿ ಅಲ್ಲೇ ಮುಗಿಯಿತು. ಯಾರೂ ಹೇಳಿರುವುದಿಲ್ಲ, ಅವರಿಗೆ ಗೊತ್ತೂ ಇರುವುದಿಲ್ಲ. 2023ರ ದಸರೆಯಲ್ಲಿ ವಾಯುಪಡೆಯ ಸೂರ್ಯಕಿರಣ್ ವಿಮಾನ ಕಸರತ್ತು ತಂಡ ಬನ್ನಿಮಂಟಪದ ಮೇಲೆ ಹಾರಿದಾಗ ಮೈದಾನ ಕಿಕ್ಕಿರಿದಿತ್ತು. ಸುತ್ತಲ ಹಳ್ಳಿಗಳಿಂದ ಮಕ್ಕಳನ್ನು ಕರೆದುಕೊಂಡು ಬಂದವರಿದ್ದರು. ಅಷ್ಟು ಜನ ಒಂದೇ ಕಡೆ ತಲೆ ಎತ್ತಿ ನೋಡುವ ದಿನ, ಪೈಲಟ್ ಆಗಲು ಗಣಿತ, ಭೌತಶಾಸ್ತ್ರ ಬೇಕು ಅನ್ನುವ ಇದೊಂದು ಮಾತನ್ನು ಮೈಕಿನಲ್ಲಿ ಕನ್ನಡದಲ್ಲಿ ಹೇಳಿದರೆ ಎಷ್ಟು ಮನೆಗಳಿಗೆ ತಲುಪುತ್ತದೆ!

ಖಾಸಗಿ ದಾರಿ ಇದೆಯಲ್ಲ ಅನ್ನಬಹುದು. ಮಂಡಕಳ್ಳಿಯಲ್ಲೇ ಖಾಸಗಿ ಪೈಲಟ್ ತರಬೇತಿ ಶಾಲೆ ನಡೆಯುತ್ತಿದೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಅದಕ್ಕೆ ಲಕ್ಷಗಳ ಮೇಲೆ ಲಕ್ಷ ಸುರಿಯಬೇಕು. ಎರಡು ಎಕರೆ ಗದ್ದೆಯ ಮನೆಯವರು ಆ ಮಾತನ್ನೇ ಎತ್ತುವುದಿಲ್ಲ. ಅವರ ಮಗುವಿಗೆ ಖರ್ಚಿಲ್ಲದೆ ವಿಮಾನ ಮುಟ್ಟಿಸುವುದು ಎನ್‌ಸಿಸಿ ಒಂದೇ.

1948ರಲ್ಲಿ 20,000 ಕೆಡೆಟ್‌ಗಳಿಂದ ಶುರುವಾದ ಎನ್‌ಸಿಸಿಯನ್ನು 20 ಲಕ್ಷಕ್ಕೆ ಏರಿಸಲು ಈಗ ಒಪ್ಪಿಗೆ ಸಿಕ್ಕಿದೆ. ಎನ್‌ಸಿಸಿಯ ಖರ್ಚನ್ನು ಕೇಂದ್ರ, ರಾಜ್ಯ ಎರಡೂ ಹಂಚಿಕೊಳ್ಳುತ್ತವೆ. ಹೀಗಾಗಿ ಹೊಸ ಜಾಗಗಳು ಯಾವ ಕಾಲೇಜಿಗೆ ಹೋಗುತ್ತವೆ ಅನ್ನುವುದರಲ್ಲಿ ರಾಜ್ಯದ ಮಾತಿಗೆ ತೂಕವಿದೆ. ಮೈಸೂರಿನಲ್ಲಿ ಎನ್‌ಸಿಸಿ ಗ್ರೂಪ್ ಹೆಡ್‌ಕ್ವಾರ್ಟರ್ಸ್ ಇದೆ, ಆಯ್ಕೆ ಮಂಡಳಿ ಇದೆ, 1,740 ಮೀಟರ್ ರನ್‌ವೇ ಇದೆ. ದೊಡ್ಡ ಜೆಟ್ ಇಳಿಸಲು ಆ ರನ್‌ವೇ ಸಾಲದು ಅಂತ ವರ್ಷಗಳಿಂದ ಚರ್ಚೆ ನಡೆದಿದೆ. ಮೈಕ್ರೋಲೈಟ್‌ಗೆ ಕೆಲವು ನೂರು ಮೀಟರ್ ಸಾಕು. ಮಂಡ್ಯ, ಮದ್ದೂರು, ಕೆ.ಆರ್. ಪೇಟೆ, ನಂಜನಗೂಡಿನ ಸರ್ಕಾರಿ ಪಿಯು ಮತ್ತು ಡಿಗ್ರಿ ಕಾಲೇಜುಗಳು ಏರ್ ವಿಂಗ್ ಕೇಳಿ ಅರ್ಜಿ ಹಾಕಬೇಕು. ನಮ್ಮ ಶಾಸಕರು, ಸಂಸದರು ಅದರ ಹಿಂದೆ ಬೀಳಬೇಕು. ಅಲ್ಲಿಯವರೆಗೆ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಅಪ್ಪ ಅಮ್ಮಂದಿರು ಶುಲ್ಕ ಕಟ್ಟುವ ಮೊದಲು ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಲಿ. ಇಲ್ಲಿ ಎನ್‌ಸಿಸಿ ಇದೆಯಾ? ಇದ್ದರೆ ಯಾವ ವಿಂಗ್? ಎನ್‌ಸಿಸಿಗೆ ಹೆಸರು ಕೊಡುವುದು ವರ್ಷದ ಶುರುವಿನಲ್ಲೇ. 'ಬಿ'ಗೆ ಎರಡು ವರ್ಷ, 'ಸಿ'ಗೆ ಮೂರು ವರ್ಷದ ತರಬೇತಿ ಬೇಕು. ಡಿಗ್ರಿಯ ಎರಡನೇ ವರ್ಷದಲ್ಲಿ ವಿಷಯ ತಿಳಿದು ಓಡಿದರೆ ಆಗ ಹೊತ್ತು ಮೀರಿರುತ್ತದೆ.